ಎರಡು ಕಾರ್ಯಾಗಾರ ಆಯ್ತು, ಮುಕ್ತ ಪಾಠಸಾಮಗ್ರಿಯನ್ನು ಒಬ್ಬರೂ ಮುಟ್ಟಲಿಲ್ಲ. ಏನು ಮಾಡಲಿ?

ಪ್ರಶ್ನೆ (ಅರ್ಥಶಾಸ್ತ್ರ ಉಪನ್ಯಾಸಕಿ, ಪದವಿ ಕಾಲೇಜು, ಕೊಪ್ಪಳ ಜಿಲ್ಲೆ):

ಸರ್, ನಮಸ್ಕಾರ. ಗುಂಪಿನಲ್ಲಿ ಗ್ರಂಥಪಾಲಕರು ಇದ್ದೀರಿ ಅಂತ ಧೈರ್ಯ ಮಾಡಿ ಕೇಳ್ತಿದ್ದೇನೆ. ಪಾಠದ ಜೊತೆಗೆ ಐಕ್ಯೂಎಸಿ (ಕಾಲೇಜಿನ ಗುಣಮಟ್ಟ ನೋಡಿಕೊಳ್ಳುವ ಆಂತರಿಕ ಘಟಕ) ಕೆಲಸವೂ ನನ್ನ ತಲೆಗೇ ಬಂದಿದೆ. ಓಇಆರ್, ಅಂದ್ರೆ ಯಾರು ಬೇಕಾದರೂ ಪುಕ್ಕಟೆ ಬಳಸಿ, ತಿದ್ದಿ, ಹಂಚಬಹುದಾದ ಮುಕ್ತ ಪಾಠಸಾಮಗ್ರಿ, ಅದನ್ನು ಎಲ್ಲ ವಿಭಾಗದವರೂ ಬಳಸುವಂತೆ ಮಾಡಿ ಅಂತ ಪ್ರಾಂಶುಪಾಲರು ಹೇಳಿದ್ದಾರೆ. ಎರಡು ಕಾರ್ಯಾಗಾರ ಮಾಡಿದೆವು. ಪ್ರಮಾಣಪತ್ರ ಎಲ್ಲರೂ ತಗೊಂಡರು. ಆಮೇಲೆ ಒಬ್ಬರೂ ಬಳಸಲಿಲ್ಲ. "ನಮ್ಮ ನೋಟ್ಸ್ ನಮಗೆ ಸಾಕು ಮೇಡಂ" ಅಂತಾರೆ. ನಿಜ ಹೇಳಬೇಕೆಂದರೆ ನಾನೂ ಬಳಸಿಲ್ಲ. ಎಲ್ಲಿಂದ ಶುರು ಮಾಡಲಿ?

ಉತ್ತರ (ಗ್ರಂಥಪಾಲಕ, ರಾಯಚೂರು):

ಮೇಡಂ, ಕೊನೆಯಲ್ಲಿ ಹೇಳಿದಿರಲ್ಲ, ಅಲ್ಲಿಂದಲೇ ಶುರು ಮಾಡಿ. ನೀವು ಒಂದು ಸಲ ಬಳಸಿ. ಬೇರೆಯವರ ವಿಷಯ ಆಮೇಲೆ.

ನಾನೂ ಇದೇ ತಪ್ಪು ಮಾಡಿದವನು. ಕೆಲವು ವರ್ಷಗಳ ಹಿಂದೆ ಒಂದು ಉದ್ದನೆಯ ಲಿಂಕ್ ಪಟ್ಟಿ ಮಾಡಿ ಎಲ್ಲ ವಿಭಾಗಗಳ ವಾಟ್ಸ್ಆ್ಯಪ್ ಗುಂಪಿಗೂ ಹಾಕಿದೆ. ಎಲ್ಲರೂ ಹೆಬ್ಬೆರಳು ಎತ್ತಿದರು, ಕೈ ಮುಗಿದರು. ತಿಂಗಳು ಬಿಟ್ಟು ಕೇಳಿದರೆ ಒಬ್ಬರೂ ತೆರೆದು ನೋಡಿರಲಿಲ್ಲ. ತಪ್ಪು ಅವರದ್ದಲ್ಲ. ವಾರಕ್ಕೆ ಹದಿನಾರು ಗಂಟೆ ಪಾಠ, ಮೇಲೆ ಪರೀಕ್ಷೆ ಕೆಲಸ, ಚುನಾವಣೆ ಕೆಲಸ. ಅಂಥವರ ಕೈಗೆ ಪಟ್ಟಿ ಕೊಟ್ಟರೆ ಅದು ಇನ್ನೊಂದು ಕೆಲಸ ಅಷ್ಟೇ.

ಈಗ ನಾನು ಕೇಳುವುದು ಒಂದೇ ಪ್ರಶ್ನೆ: "ಮುಂದಿನ ವಾರ ಯಾವ ಪಾಠ ಇದೆ, ಅದರಲ್ಲಿ ಹುಡುಗರಿಗೆ ಎಲ್ಲಿ ತಲೆಗೆ ಹೋಗಲ್ಲ?" ಆ ಒಂದು ಜಾಗಕ್ಕೆ ಒಂದು ಚಿತ್ರವೋ, ಒಂದು ಲೆಕ್ಕವೋ, ಎರಡು ಪುಟವೋ ಹುಡುಕುತ್ತೇನೆ. ಅವರ ಪಕ್ಕದಲ್ಲೇ ಕೂತು ತಿದ್ದುತ್ತೇವೆ. ಇಡೀ ಪುಸ್ತಕದ ಮಾತೇ ಎತ್ತುವುದಿಲ್ಲ.

ನಿಮ್ಮ ವಿಷಯವನ್ನೇ ತಗೊಳ್ಳಿ. ಅಮೆರಿಕದ ರೈಸ್ ವಿಶ್ವವಿದ್ಯಾಲಯದ ಓಪನ್‌ಸ್ಟ್ಯಾಕ್ಸ್ ಅನ್ನುವವರು 2012ರಿಂದ ಮುಕ್ತ ಪಠ್ಯಪುಸ್ತಕ ತರುತ್ತಿದ್ದಾರೆ. ಅವರ 'ಪ್ರಿನ್ಸಿಪಲ್ಸ್ ಆಫ್ ಎಕನಾಮಿಕ್ಸ್' ಪುಸ್ತಕದಲ್ಲಿ ಬೇಡಿಕೆ-ಪೂರೈಕೆ ಅಧ್ಯಾಯ ತೆರೆಯಿರಿ. ಉದಾಹರಣೆ ಗ್ಯಾಸೊಲಿನ್‌ದು, ಅಂದರೆ ನಮ್ಮ ಪೆಟ್ರೋಲ್. ಬೆಲೆ ಗ್ಯಾಲನ್‌ಗೆ ಇಷ್ಟು ಡಾಲರ್ ಅಂತ. ಕಾರಟಗಿ ಹುಡುಗನಿಗೆ ಗ್ಯಾಲನ್ ಯಾಕೆ ಬೇಕು? ಅದನ್ನು ತೆಗೆದು ಸೋನಾ ಮಸೂರಿ ಭತ್ತ ಹಾಕಿ. ನಮ್ಮ ಕಡೆ 75 ಕೆಜಿ ಚೀಲದ ಲೆಕ್ಕ, ಹಾಗೇ ಬರೆಯಿರಿ. ರೇಖೆ ಅದೇ, ವಿವರಣೆ ಅದೇ, ಕೋಷ್ಟಕದ ಅಂಕಿ ಮಾತ್ರ ನಮ್ಮದು. ಒಂದೇ ಒಂದು ಎಚ್ಚರ: ಭತ್ತದ ಬೇಡಿಕೆ ಅಂದರೆ ಗಿರಣಿಯವರ ಬೇಡಿಕೆ, ಅಕ್ಕಿಯ ಬೇಡಿಕೆ ಅಂದರೆ ಮನೆಯವರದ್ದು. ಎರಡನ್ನೂ ಕಲಸಬೇಡಿ.

ಹೀಗೆ ತಿದ್ದಿ ಬಳಸಲು ಯಾರನ್ನೂ ಕೇಳಬೇಕಿಲ್ಲ. ಆ ಪುಸ್ತಕಕ್ಕೆ ಸಿಸಿ ಬಿವೈ 4.0 ಪರವಾನಗಿ ಇದೆ. ಸಿಸಿ ಅಂದರೆ ಕ್ರಿಯೇಟಿವ್ ಕಾಮನ್ಸ್, ಮರುಬಳಕೆಗೆ ಮೊದಲೇ ಅನುಮತಿ ಕೊಟ್ಟಿಡುವ ಪರವಾನಗಿ. ಮೂಲದವರ ಹೆಸರು ಹೇಳಿ, ಬದಲಾಯಿಸಿದ್ದನ್ನು ತಿಳಿಸಿ, ಪರವಾನಗಿಯ ಲಿಂಕ್ ಕೊಡಿ, ಅಷ್ಟೇ ಷರತ್ತು. ಪುಟದ ಕೆಳಗೆ ಹೀಗೊಂದು ಸಾಲು ಹಾಕಿ:

*ಮೂಲ: ಪ್ರಿನ್ಸಿಪಲ್ಸ್ ಆಫ್ ಎಕನಾಮಿಕ್ಸ್, ಓಪನ್‌ಸ್ಟ್ಯಾಕ್ಸ್, ಸಿಸಿ ಬಿವೈ 4.0. ಕನ್ನಡಕ್ಕೆ ತಂದು ಉದಾಹರಣೆ ಬದಲಾಯಿಸಿದವರು: (ನಿಮ್ಮ ಹೆಸರು).*

ಜೊತೆಗೆ ಮೂಲ ಪುಟದ ಮತ್ತು ಪರವಾನಗಿಯ ಲಿಂಕ್ ಹಾಕಿ. ಕೊನೆಯಲ್ಲಿ ನಿಮ್ಮ ಹೆಸರೂ ಬಂತಲ್ಲ, ಅದು ಮುಖ್ಯ. ಮೇಷ್ಟ್ರುಗಳು ಕರಗುವುದು ಅಲ್ಲೇ.

ಮರುಪ್ರಶ್ನೆ (ವಾಣಿಜ್ಯ ಉಪನ್ಯಾಸಕರು, ಬಳ್ಳಾರಿ):

ಸರ್, ನೆಟ್‌ನಲ್ಲಿ ಸಿಕ್ಕಿದ್ದೆಲ್ಲ ಮುಕ್ತವೇ ಅಲ್ವಾ? ನಾವು ಯೂಟ್ಯೂಬ್ ವಿಡಿಯೊ, ಪಿಡಿಎಫ್ ಎಲ್ಲ ಸುಮ್ನೆ ಹಾಕ್ತೀವಿ. ಯಾರೂ ಕೇಳಿಲ್ಲ.

ಉತ್ತರ:

ಯಾರೂ ಕೇಳದೇ ಇರುವುದು ಬೇರೆ, ಅನುಮತಿ ಇರುವುದು ಬೇರೆ. ಪುಕ್ಕಟೆ ಸಿಕ್ಕಿದ್ದೆಲ್ಲ ಮುಕ್ತ ಅಲ್ಲ. ಎನ್‌ಸಿಇಆರ್‌ಟಿ ಪುಸ್ತಕದ ಪಿಡಿಎಫ್ ಪುಕ್ಕಟೆ ಇಳಿಸಬಹುದು, ಆದರೆ ಅದರ ಹಕ್ಕು ಅವರದ್ದೇ. ಯೂಟ್ಯೂಬ್‌ನಲ್ಲಿ ಬಹುಪಾಲು ವಿಡಿಯೊ ಮಾಮೂಲಿ ಪರವಾನಗಿಯವು. ಹುಡುಕಿದ ಮೇಲೆ ಫಿಲ್ಟರ್‌ನಲ್ಲಿ 'ಕ್ರಿಯೇಟಿವ್ ಕಾಮನ್ಸ್' ಒತ್ತಿದರೆ ಮರುಬಳಕೆಗೆ ಬಿಟ್ಟವು ಮಾತ್ರ ಬರುತ್ತವೆ.

ತರಗತಿಯೊಳಗಿನ ಮಾತು ಬೇರೆ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮು ಪಾಠದ ಭಾಗವಾಗಿ ಮೇಷ್ಟ್ರು, ಮಕ್ಕಳು ಪ್ರತಿ ಮಾಡಿಕೊಳ್ಳಲು ಜಾಗ ಕೊಟ್ಟಿದೆ. ದಿಲ್ಲಿ ವಿಶ್ವವಿದ್ಯಾಲಯದ ಝೆರಾಕ್ಸ್ ಅಂಗಡಿ ಪ್ರಕರಣದಲ್ಲಿ (ಪುಸ್ತಕದ ಪುಟ ಝೆರಾಕ್ಸ್ ಮಾಡಿ ಕೊಡುವುದರ ಮೇಲೆ ಪ್ರಕಾಶಕರು ಹೂಡಿದ್ದು) 2016ರಲ್ಲಿ ಅಲ್ಲಿನ ಹೈಕೋರ್ಟ್ ಮೇಷ್ಟ್ರು-ವಿದ್ಯಾರ್ಥಿಗಳ ಪರವಾಗಿಯೇ ಹೇಳಿತು. ಆದರೆ ಅದೇ ಪುಟವನ್ನು ಕಾಲೇಜು ವೆಬ್‌ಸೈಟಿಗೆ ಹಾಕಿ ಊರಿಗೆಲ್ಲ ಹಂಚಿದರೆ ಆ ರಕ್ಷಣೆ ಸಿಗುತ್ತದೆ ಅಂತ ನೆಚ್ಚಿಕೊಳ್ಳಬೇಡಿ. ಹಂಚುವ ಆಸೆ ಇದ್ದರೆ ಮುಕ್ತ ಪರವಾನಗಿಯದ್ದನ್ನೇ ಹಿಡಿಯಿರಿ.

ಪರವಾನಗಿಯಲ್ಲಿ ಎರಡೆರಡು ಅಕ್ಷರ ಇರುತ್ತವೆ. ಬಿವೈ ಅಂದರೆ ಹೆಸರು ಹೇಳಿ. ಎಸ್ಎ ಅಂದರೆ ನೀವು ತಿದ್ದಿದ್ದನ್ನೂ ಅದೇ ಷರತ್ತಿನಲ್ಲಿ ಬಿಟ್ಟುಕೊಡಿ, ವಿಕಿಪೀಡಿಯ ಹೀಗಿದೆ. ಎನ್‌ಸಿ ಅಂದರೆ ವ್ಯಾಪಾರಕ್ಕೆ ಬೇಡ. ಇವು ಮೂರರಲ್ಲಿ ನಮಗೆ ಕಷ್ಟ ಇಲ್ಲ. ಎನ್‌ಡಿ ಕಂಡರೆ ಮಾತ್ರ ಕೈ ಬಿಡಿ. ಅದು ಬದಲಾಯಿಸಿದ್ದನ್ನು ಹಂಚಬೇಡಿ ಅನ್ನುತ್ತದೆ. ಕನ್ನಡಕ್ಕೆ ಅನುವಾದ ಮಾಡುವುದೂ ಬದಲಾವಣೆಯೇ. ಎಷ್ಟೋ ಜನ ತಿಂಗಳುಗಟ್ಟಲೆ ಅನುವಾದ ಮಾಡಿ ಆಮೇಲೆ ಈ ಎರಡು ಅಕ್ಷರ ನೋಡುತ್ತಾರೆ.

ಮರುಪ್ರಶ್ನೆ (ಅತಿಥಿ ಉಪನ್ಯಾಸಕ, ಸಿಂಧನೂರು):

ಸರ್, ಬೇಜಾರು ಮಾಡ್ಕೋಬೇಡಿ. ಇದರಿಂದ ನಮಗೇನು ಸಿಗುತ್ತೆ? ಮುಂದಿನ ವರ್ಷ ನಾನು ಇದೇ ಕಾಲೇಜಲ್ಲಿ ಇರ್ತೀನೋ ಇಲ್ವೋ ಗೊತ್ತಿಲ್ಲ. ನನ್ನ ನೋಟ್ಸೇ ನನ್ನ ಬಂಡವಾಳ.

ಉತ್ತರ:

ಬೇಜಾರೇನಿಲ್ಲ, ಸರಿಯಾಗೇ ಕೇಳಿದ್ದೀರಿ. ಇದಕ್ಕೆ ಉತ್ತರ ಕೊಡದೆ ಓಇಆರ್ ಬಗ್ಗೆ ಭಾಷಣ ಮಾಡುವವರನ್ನು ಕಂಡರೆ ನನಗೂ ಆಗಲ್ಲ.

ಕಾಯಂ ಮೇಷ್ಟ್ರುಗಳಿಗೂ ಸಿಗುವುದು ಕಡಿಮೆಯೇ. 2018ರ ಯುಜಿಸಿ ನಿಯಮಾವಳಿಯಲ್ಲಿ ಬಡ್ತಿಗೆ ಲೆಕ್ಕ ಹಾಕುವ ಅಂಕಪಟ್ಟಿ ನೋಡಿ. ಇಡೀ ಕೋರ್ಸಿಗೆ ಇ-ಕಂಟೆಂಟ್ ತಯಾರಿಸಿದರೆ 12 ಅಂಕ, ಒಂದು ಮಾಡ್ಯೂಲಿಗೆ 5. ಒಳ್ಳೆಯದನ್ನು ಹುಡುಕಿ, ತಿದ್ದಿ, ನಮ್ಮ ಹುಡುಗರಿಗೆ ಹೊಂದಿಸಿದ್ದಕ್ಕೆ ಅಂತ ಬೇರೆ ಅಂಕ ಇಲ್ಲ. ಹಾಗಾಗಿ ಎಲ್ಲರೂ ಹೊಸದೇ ಮಾಡಲು ಹೋಗುತ್ತಾರೆ. ಒಂದೇ ಬೇಡಿಕೆ ರೇಖೆಯನ್ನು ಹತ್ತು ಕಾಲೇಜಿನಲ್ಲಿ ಹತ್ತು ಜನ ಹತ್ತು ಸಲ ಎಳೆಯುತ್ತಾರೆ. ಇದು ಬದಲಾಗಬೇಕು. ಕಾಲೇಜು ಮಟ್ಟದಲ್ಲಿ ಪ್ರಾಂಶುಪಾಲರು ವರ್ಷದ ಕಾರ್ಯಭಾರದಲ್ಲಿ ಇದಕ್ಕೆ ನಾಲ್ಕು ಗಂಟೆ ತೋರಿಸಿದರೂ ಕಾರ್ಯಾಗಾರಕ್ಕಿಂತ ಜಾಸ್ತಿ ಫಲ ಸಿಗುತ್ತದೆ. ಮೇಡಂ, ಇದನ್ನು ನಿಮ್ಮ ಪ್ರಾಂಶುಪಾಲರಿಗೆ ಕೇಳಿ ನೋಡಿ.

ಸರ್, ನಿಮ್ಮ ವಿಷಯಕ್ಕೆ ಬರೋಣ. ಮರುಬಳಕೆ ಮಾಡಿ ಅಂದರೆ ನಿಮ್ಮ ನೋಟ್ಸ್ ಕೊಟ್ಟುಬಿಡಿ ಅಂತಲ್ಲ. ತಗೊಳ್ಳುವುದು ಒಂದು, ಕೊಡುವುದು ಇನ್ನೊಂದು. ಮೊದಲು ತಗೊಳ್ಳಿ. 2021ರಲ್ಲಿ ಎನ್‌ಇಪಿ (ರಾಷ್ಟ್ರೀಯ ಶಿಕ್ಷಣ ನೀತಿ) ಅಂತ ಪಠ್ಯಕ್ರಮ ಬದಲಾಯಿತು, 2024ರಲ್ಲಿ ಮತ್ತೆ ಮೂರು ವರ್ಷದ ಪದವಿಗೆ ಬಂದೆವು. ಎರಡು ಸಲವೂ ಅತಿಥಿ ಉಪನ್ಯಾಸಕರೇ ರಾತ್ರಿ ಕೂತು ಹೊಸ ನೋಟ್ಸ್ ಬರೆದಿದ್ದು. ಅರ್ಧ ಸಾಮಗ್ರಿ ರೆಡಿ ಸಿಕ್ಕಿದ್ದರೆ ನಿಮ್ಮ ನಿದ್ದೆಯಾದರೂ ಉಳಿಯುತ್ತಿತ್ತು. ಕೊಡುವ ಮನಸ್ಸು ಬಂದರೆ ಮುಂದೆ ನೋಡೋಣ. ನಿಮ್ಮ ಹೆಸರು, ದಿನಾಂಕ, ಪರವಾನಗಿ ಹಾಕಿ ಬಿಟ್ಟರೆ ಕಾಲೇಜು ಬದಲಾದರೂ ಹೆಸರು ಅದರ ಮೇಲೇ ಇರುತ್ತದೆ. ಈಗ ಝೆರಾಕ್ಸ್ ಅಂಗಡಿಯಲ್ಲಿ ನಿಮ್ಮ ನೋಟ್ಸ್ ಯಾರ ಹೆಸರಲ್ಲಿ ಓಡಾಡ್ತಿದೆ, ಒಂದು ಸಲ ವಿಚಾರಿಸಿ ನೋಡಿ!

ಮರುಪ್ರಶ್ನೆ (ಭೌತಶಾಸ್ತ್ರ ಉಪನ್ಯಾಸಕಿ, ರಾಯಚೂರು ಜಿಲ್ಲೆ):

ಸರ್, ನಮ್ಮಲ್ಲಿ ನೆಟ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಕನ್ನಡದಲ್ಲಿ ಏನಾದರೂ ಇದೆಯಾ?

ಉತ್ತರ:

ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದ ಫೆಟ್ ಸಿಮ್ಯುಲೇಶನ್, ಅಂದರೆ ಪರದೆಯ ಮೇಲೆ ಮಾಡಿ ನೋಡುವ ಪ್ರಯೋಗಗಳನ್ನು, ನೋಡಿ. ನೊಬೆಲ್ ಪಡೆದ ಕಾರ್ಲ್ ವೀಮನ್ 2002ರಲ್ಲಿ ಶುರು ಮಾಡಿದ್ದು. ಕೆಲವು ಕನ್ನಡದಲ್ಲೂ ಇವೆ. ಒಂದು ಸಲ ಇಳಿಸಿ ಪೆನ್‌ಡ್ರೈವಿಗೆ ಹಾಕಿಕೊಂಡರೆ ನೆಟ್ ಇಲ್ಲದೆ ಓಡುತ್ತದೆ. ವಿದ್ಯುತ್ ಮಂಡಲದ್ದನ್ನು ಮೊದಲು ತೋರಿಸಿ. ಬಲ್ಬು, ಬ್ಯಾಟರಿ, ತಂತಿ ಎಳೆದು ಜೋಡಿಸುವುದು, ತಪ್ಪು ಜೋಡಿಸಿದರೆ ಬೆಂಕಿ ಹತ್ತುವುದು. ಹುಡುಗರು ಬೇಕಂತಲೇ ತಪ್ಪು ಜೋಡಿಸ್ತಾರೆ, ಬಿಡಿ, ಕಲಿಯುವುದೇ ಹಾಗೆ.

ಇನ್ನೊಂದು ಮಾತು, ಎಲ್ಲರಿಗೂ. ನಿಮ್ಮ ಹಳೆಯ ಕನ್ನಡ ನೋಟ್ಸ್ ಹಳೆ ನುಡಿ ಫಾಂಟಿನಲ್ಲಿ ಇದ್ದರೆ ಅದನ್ನು ಯಾರೂ ಮರುಬಳಕೆ ಮಾಡಲಾಗುವುದಿಲ್ಲ. ಇನ್ನೊಬ್ಬರ ಫೋನಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆ ಕಲಸಿದಂತೆ ಕಾಣುತ್ತದೆ. ನುಡಿ ತಂತ್ರಾಂಶದಲ್ಲೇ ಯುನಿಕೋಡ್‌ಗೆ (ಎಲ್ಲ ಫೋನಿನಲ್ಲೂ ಸರಿಯಾಗಿ ಕಾಣುವ ಅಕ್ಷರ ವ್ಯವಸ್ಥೆಗೆ) ಬದಲಾಯಿಸುವ ಸೌಲಭ್ಯ ಇದೆ. ಬದಲಾಯಿಸಿದ ಮೇಲೆ ಒತ್ತಕ್ಷರಗಳನ್ನು ಒಮ್ಮೆ ಕಣ್ಣಾಡಿಸಿ, ಅಲ್ಲಲ್ಲಿ ಕೈಕೊಡುತ್ತದೆ. ಪಿಡಿಎಫ್ ಒಂದನ್ನೇ ಹಂಚಬೇಡಿ. ತಿದ್ದಲು ಬರುವ ವರ್ಡ್ ಫೈಲನ್ನೂ ಇಡಿ. ಕೈಯಲ್ಲಿ ಬರೆದು ಫೋಟೊ ಹೊಡೆದದ್ದು ಮುಕ್ತವಾಗಿದ್ದರೂ ತಿದ್ದಲು ಬರುವುದಿಲ್ಲ.

ಮೊದಲು ಪ್ರಶ್ನೆ ಕೇಳಿದವರು (ಮೂರು ವಾರದ ನಂತರ):

ಸರ್, ಗ್ಯಾಲನ್ ಹೋಗಿ ಚೀಲ ಬಂತು. ಎರಡೂವರೆ ಪುಟ, ತಿದ್ದಲು ಒಂದು ಸಂಜೆ ಹಿಡಿಯಿತು. ನಾನು ಹಾಕಿದ ಬೆಲೆ ಹಳೆಯದು ಅಂತ ಮೂರನೇ ಬೆಂಚಿನ ಹುಡುಗ ತಿದ್ದಿದ. ಅವರ ಮನೆಯವರು ಅದೇ ವಾರ ಭತ್ತ ಮಾರಿದ್ದರಂತೆ. ಆಮೇಲೆ ಒಬ್ಬಳು ಕೇಳಿದಳು: 2024ರ ಆಗಸ್ಟಿನಲ್ಲಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಕೊಚ್ಚಿಕೊಂಡು ಹೋಯಿತಲ್ಲ, ಪೈರು ಇನ್ನೂ ಗದ್ದೆಯಲ್ಲೇ ಇತ್ತು, ಆ ವಾರವೇ ಭತ್ತದ ರೇಟು ಏರಿದ್ದರೆ ಯಾವ ರೇಖೆ ಸರಿದಂತೆ ಅಂತ. ಗ್ಯಾಸೊಲಿನ್ ಇಟ್ಟುಕೊಂಡಿದ್ದರೆ ಈ ಪ್ರಶ್ನೆ ಬರ್ತಿರಲಿಲ್ಲ. ಮುಂದೆ ಬೆಲೆ ಏರುತ್ತೆ ಅಂತ ಚೀಲ ಇಟ್ಟುಕೊಂಡವರು ಮಾರದೆ ಕೂತರೆ ಪೂರೈಕೆ ರೇಖೆ ಅವತ್ತೇ ಎಡಕ್ಕೆ ಸರಿಯುತ್ತೆ, ಕೊಳ್ಳುವವರು ಗಾಬರಿಯಾಗಿ ಮುಗಿಬಿದ್ದರೆ ಬೇಡಿಕೆ ರೇಖೆಯೂ ಬಲಕ್ಕೆ ಹೋಗುತ್ತೆ ಅಂತ ಹೇಳಿದೆ. ಸರೀನಾ ಸರ್?

ಇತಿಹಾಸದ ಮೇಷ್ಟ್ರು ಕಿಟಕಿಯಿಂದ ನೋಡಿ "ನನಗೂ ಹಂಪಿಗೆ ಏನಾದರೂ ಹೀಗೆ ಸಿಗುತ್ತಾ" ಅಂತ ಕೇಳಿದರು.

ಉತ್ತರ:

ಸರಿಯಾಗೇ ಹೇಳಿದ್ದೀರಿ. ಆ ಹುಡುಗಿಯ ಪ್ರಶ್ನೆಯನ್ನು ಪಾಠದ ಕೊನೆಗೆ ಅಭ್ಯಾಸವಾಗಿ ಸೇರಿಸಿ. ಇತಿಹಾಸದವರಿಗೆ ವಿಕಿಮೀಡಿಯಾ ಕಾಮನ್ಸ್ ಅನ್ನುವ ಮುಕ್ತ ಚಿತ್ರಗಳ ಜಾಲತಾಣ ತೋರಿಸಿ. ಹಂಪಿಯ ಫೋಟೊ ಬೇಕಾದಷ್ಟಿವೆ, ಪ್ರತಿಯೊಂದರ ಕೆಳಗೂ ಯಾರು ತೆಗೆದದ್ದು, ಯಾವ ಪರವಾನಗಿ ಅಂತ ಇರುತ್ತದೆ. ಮತ್ತೆ ನಿಮ್ಮ ವರ್ಡ್ ಫೈಲ್ ಇಲ್ಲಿ ಹಾಕ್ತೀರಾ? ಸಿಂಧನೂರಿನ ಸರ್ ನಿನ್ನೆ ನನಗೆ ಪ್ರತ್ಯೇಕವಾಗಿ ಮೆಸೇಜ್ ಮಾಡಿ ಕೇಳಿದ್ದಾರೆ.