ರೂಪಾಯಿ ಬಿದ್ದಾಗ ಮಕ್ಕಳಿಗೆ ಏನು ಹೇಳ್ತೀರಿ?

ದುಬೈಯಲ್ಲಿ ಬೆಳೆಯುವ ನಮ್ಮ ಮಕ್ಕಳಿಗೆ ಒಂದು ಲೆಕ್ಕ ಬೇಗ ಬಾಯಿಗೆ ಬರುತ್ತದೆ: ಒಂದು ದಿರ್ಹಾಮಿಗೆ ಇಪ್ಪತ್ತಕ್ಕೂ ಜಾಸ್ತಿ ರೂಪಾಯಿ. ಅದರ ಬೆನ್ನಿಗೇ 'ಹಾಗಾದ್ರೆ ನಮ್ಮೂರು ಬಡವರ ಊರು' ಅನ್ನೋ ತೀರ್ಮಾನವೂ ಬರುತ್ತದೆ. ಇದನ್ನು ಸುಮ್ನೆ ಬಿಡಬಾರದು ಅಂತ ನನಗನ್ನಿಸುತ್ತದೆ.

ಮಗಳಿಗೆ ನಾನು ಜಪಾನಿನ ದುಡ್ಡು ಯೆನ್ ಉದಾಹರಣೆ ಕೊಟ್ಟೆ. ಒಂದು ರೂಪಾಯಿ ಕೊಟ್ಟರೆ ಒಂದಕ್ಕಿಂತ ಜಾಸ್ತಿ ಯೆನ್ ಸಿಗುತ್ತದೆ. ಹಾಗಂತ ಜಪಾನ್ ನಮಗಿಂತ ಬಡ ದೇಶವಾ? ದರದ ಅಂಕಿ ನೋಡಿ ದೇಶ ಅಳೆಯೋಕಾಗಲ್ಲ. ಅದು ಏರುತ್ತಿದೆಯಾ ಇಳಿಯುತ್ತಿದೆಯಾ, ಆ ದುಡ್ಡಿಗೆ ಅಲ್ಲಿ ಏನು ಬರುತ್ತದೆ, ಅದನ್ನು ನೋಡಬೇಕು.

ರಜೆಯಲ್ಲಿ ಕಾರವಾರದ ಮೀನು ಮಾರ್ಕೆಟ್ಟಿಗೆ ಹೋದಾಗ ಅವಳು ಬಂಗಡೆ ದರವನ್ನು ದಿರ್ಹಾಮಿಗೆ ಭಾಗಿಸಿ "ಇಷ್ಟೇನಾ?" ಅಂದಳು. ಬುಟ್ಟಿ ಮುಂದೆ ಕೂತಿದ್ದ ಅಕ್ಕನಿಗೆ ಕೇಳಿಸಿತು. "ನಿಂಗೆ ಅಗ್ಗ ಮಗಾ. ಐಸಿಗೆ ದುಡ್ಡು ಕೊಡೋಳು ನಾನಲ್ವಾ" ಅಂದರು. ಅವರ ಗಳಿಕೆ ರೂಪಾಯಿ, ಖರ್ಚೂ ರೂಪಾಯಿ. ಬೋಟಿಗೆ ಹಾಕುವ ಡೀಸೆಲ್ಲಿನ ಕಚ್ಚಾ ತೈಲವನ್ನು ಮಾತ್ರ ದೇಶ ಹೆಚ್ಚಾಗಿ ಡಾಲರ್ ಕೊಟ್ಟು ತರಿಸುತ್ತದೆ. ರೂಪಾಯಿ ಬಿದ್ದರೆ ಪಂಪಿನ ದರ ಅದೇ ದಿನ ಏರದಿದ್ದರೂ ಆ ಹೊರೆ ಯಾರಾದರೂ ಹೊರಲೇಬೇಕು.

ದಿರ್ಹಾಮ್ 1997ರಿಂದ ಒಂದು ಡಾಲರಿಗೆ 3.6725 ಅಂತ ಕಟ್ಟಿಟ್ಟ ನಾಣ್ಯ. ಹಾಗಾಗಿ ರೂಪಾಯಿ ಡಾಲರಿನೆದುರು ಇಳಿದ ಕೂಡಲೇ ನಾವು ಕಳಿಸುವ ದುಡ್ಡು ಊರಲ್ಲಿ ಜಾಸ್ತಿ ಕಾಣುತ್ತದೆ. ನಮ್ಮ ಸಂಬಳ ಒಂದು ಪೈಸೆಯೂ ಏರಿರುವುದಿಲ್ಲ. ಆ ದಿನ ಮನೆಯಲ್ಲಿ "ಒಳ್ಳೇ ರೇಟು ಬಂತು!" ಅಂತ ಮಕ್ಕಳೆದುರು ಕುಣಿಯೋದು ನನಗೆ ಸರಿ ಕಾಣಲ್ಲ. ಅಜ್ಜ-ಅಜ್ಜಿ ಬದುಕೋದು ಅದೇ ರೂಪಾಯಿಯಲ್ಲಿ.

ಊರಿಗೆ ದುಡ್ಡು ಕಳಿಸುವಾಗ ಕಳಿಸಿಕೊಡೋ ಅಂಗಡಿಯವರ 'ಶುಲ್ಕವಿಲ್ಲ' ಅನ್ನೋ ಬೋರ್ಡು ನಂಬಬೇಡಿ. ದರದಲ್ಲೇ ಅವರ ಲಾಭ ಕೂತಿರಬಹುದು. ಕೊನೆಗೆ ಖಾತೆಗೆ ಎಷ್ಟು ರೂಪಾಯಿ ಬೀಳುತ್ತದೆ ಅಂತ ಕೇಳಿ, ಎರಡು ಕಡೆ ಹೋಲಿಸಿ.

ಮಕ್ಕಳ ಕಾಲೇಜಿನ ದುಡ್ಡು ಎಲ್ಲಿಡೋದು ಅಂತ ಇಲ್ಲಿ ಹಲವರು ಕೇಳಿದ್ದೀರಿ. ಹೊರದೇಶದಲ್ಲಿರುವ ಭಾರತೀಯರು ಊರ ಬ್ಯಾಂಕಿನಲ್ಲಿ ಇಡಬಹುದಾದ ಠೇವಣಿಗಳಲ್ಲಿ ಎನ್‌ಆರ್‌ಇ ಅನ್ನೋದು ರೂಪಾಯಿಯಲ್ಲಿರುತ್ತದೆ. ಎಫ್‌ಸಿಎನ್‌ಆರ್ ಠೇವಣಿ ಡಾಲರಿನಂಥ ವಿದೇಶಿ ನಾಣ್ಯದಲ್ಲೇ ಉಳಿಯುತ್ತದೆ. ಊರ ಕಡೆ ಓದಿಸುವವರಿಗೆ ಎನ್‌ಆರ್‌ಇ ಸಾಕು. ಹೊರದೇಶದಲ್ಲಿ ಓದಿಸುವ ಯೋಚನೆಯಿದ್ದರೆ ಎಲ್ಲವನ್ನೂ ರೂಪಾಯಿ ಮಾಡಿ ಇಡಬೇಡಿ. ಇನ್ನೂ ತೀರ್ಮಾನ ಆಗದವರು ಎರಡರಲ್ಲೂ ಸ್ವಲ್ಪ ಸ್ವಲ್ಪ ಇಟ್ಟುಕೊಳ್ಳಿ.