ಗಿಟಾರ್ ಆಂಪ್ ಆನ್ ಮಾಡಿ ಹತ್ತು ನಿಮಿಷಕ್ಕೆ ಒಂದು ಇಎಲ್84 ಟ್ಯೂಬ್ ಕೆಂಪಾಗುತ್ತೆ: ಟ್ಯೂಬಿನ ದೋಷವಾ, ಸರ್ಕ್ಯೂಟಿನದಾ?

ಆರನೇ_ತಂತಿ:
ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ 15 ವ್ಯಾಟ್‌ನ ಒಂದು ಹಳೆ ಟ್ಯೂಬ್ ಗಿಟಾರ್ ಆಂಪ್ ಇದೆ. ಔಟ್‌ಪುಟ್‌ಗೆ ಎರಡು ಇಎಲ್84 ಟ್ಯೂಬ್, ಅದಕ್ಕೂ ಮೊದಲಿನ ಹಂತಗಳಿಗೆ ಮೂರು 12ಎಎಕ್ಸ್7 ಟ್ಯೂಬ್. ಕ್ಯಾಥೋಡ್ ಬಯಾಸ್ (ಟ್ಯೂಬಿನ ಕರೆಂಟನ್ನು ಹಿಡಿತದಲ್ಲಿಡುವ ಬಯಾಸ್ ವೋಲ್ಟೇಜ್ ಕ್ಯಾಥೋಡ್ ರೆಸಿಸ್ಟರ್‌ನಿಂದಲೇ ಸಿಗುತ್ತದೆ), ಎರಡು ಔಟ್‌ಪುಟ್ ಟ್ಯೂಬಿಗೂ ಸೇರಿ ಒಂದೇ 130 ಓಮ್ ರೆಸಿಸ್ಟರ್.

ಆನ್ ಮಾಡಿದಾಗ ಚೆನ್ನಾಗಿಯೇ ಇರುತ್ತದೆ. ಹತ್ತು ನಿಮಿಷ ಆದ ಮೇಲೆ ಸೌಂಡ್ ಕಮ್ಮಿಯಾಗಿ, ಒಡೆದ ಹಾಗೆ ಕೇಳಿಸುತ್ತದೆ. ಹಮ್ (ಗುಂಯ್ ಅನ್ನುವ ಸದ್ದು) ಕೂಡ ಜಾಸ್ತಿ. ಹಿಂದಿನಿಂದ ಬಗ್ಗಿ ನೋಡಿದರೆ ಒಂದು ಇಎಲ್84ರ ಪ್ಲೇಟ್ (ಒಳಗಿನ ಲೋಹದ ತಗಡು) ಕೆಂಡದ ಹಾಗೆ ಕೆಂಪಾಗಿರುತ್ತದೆ. ಇನ್ನೊಂದು ಮಾಮೂಲಿಯಾಗಿದೆ. ರಿಪೇರಿಯವರೊಬ್ಬರು ನೋಡಿ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಹೋಗಿದೆ ಅಂದರು. ನಮ್ಮ ಏರಿಯಾದಲ್ಲಿ ರಾತ್ರಿ ಕರೆಂಟ್ 245 ವೋಲ್ಟ್‌ವರೆಗೂ ಹೋಗುತ್ತೆ, ಅದರಿಂದ ಇರಬಹುದಾ?

ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿದ್ದೇನೆ. 1000 ವೋಲ್ಟ್ ತಡೆಯುವ ಮೀಟರ್ ಇದೆ.

ಸುಮ್ನೆ_ಬೆಂಡಿಂಗ್:
ಗುರು, ಹೊಸ ಮ್ಯಾಚ್ಡ್ ಪೇರ್ (ಸಮನಾಗಿ ನಡೆಯುವ ಜೋಡಿ) ತಗೊಂಡು ಹಾಕು, ಮುಗೀತು. ಇಎಲ್84 ಏನು ನೂರು ವರ್ಷ ಬಾಳುತ್ತಾ?

ಜಾಲಹಳ್ಳಿ_ವಾಲ್ವ್:
ಈಗಲೇ ಟ್ಯೂಬ್ ಕೊಳ್ಳಬೇಡಿ. ತಪ್ಪು ಸರ್ಕ್ಯೂಟಿನಲ್ಲಿದ್ದರೆ ಹೊಸ ಟ್ಯೂಬನ್ನೂ ಅದೇ ಸಾಕೆಟ್ ಸುಡುತ್ತದೆ. ಇವತ್ತಿನ ರೇಟಿನಲ್ಲಿ ಅದು ಸಣ್ಣ ನಷ್ಟವಲ್ಲ.

ಮೊದಲು ಆಂಪ್ ಆಫ್ ಮಾಡಿ, ಟ್ಯೂಬ್ ತಣ್ಣಗಾದ ಮೇಲೆ ಎರಡು ಇಎಲ್84ಗಳನ್ನು ಅದಲು ಬದಲು ಮಾಡಿ ಕೂರಿಸಿ. ಕೆಂಪು ಟ್ಯೂಬಿನ ಜೊತೆಗೇ ಹೋದರೆ ಟ್ಯೂಬಿನ ದೋಷ. ಅದೇ ಸಾಕೆಟ್‌ನಲ್ಲಿ ಉಳಿದರೆ ಸರ್ಕ್ಯೂಟಿನ ದೋಷ. ಕೆಂಪು ಕಂಡ ತಕ್ಷಣ ಆಫ್ ಮಾಡಿ, ಒಂದು ನಿಮಿಷವೂ ಬಿಡಬೇಡಿ.

ಆಮೇಲೆ ಈ ಅಳತೆಗಳು ಬೇಕು: ಕ್ಯಾಥೋಡ್ ವೋಲ್ಟೇಜ್ (ಪಿನ್ 3), ಹೀಟರ್ ಎಸಿ ವೋಲ್ಟೇಜ್ (ಪಿನ್ 4 ಮತ್ತು 5ರ ನಡುವೆ), ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಪ್ರೈಮರಿಯ ಎರಡು ಅರ್ಧಗಳ ಓಮ್. ಈ ಕೊನೆಯದನ್ನು ಕರೆಂಟ್ ತೆಗೆದು, ಫಿಲ್ಟರ್ ಕೆಪಾಸಿಟರ್ ಖಾಲಿ ಮಾಡಿಯೇ ಅಳೆಯಬೇಕು. ಖಾಲಿ ಮಾಡಲು 10ಕೆ, 5 ವ್ಯಾಟ್ ರೆಸಿಸ್ಟರ್ ಬಳಸಿ. ಸ್ಕ್ರೂಡ್ರೈವರ್ ಇಟ್ಟು ಶಾರ್ಟ್ ಮಾಡುವ ಶೂರತನ ಬೇಡ. ಆಂಪ್ ಚಾಲೂ ಇದ್ದಾಗ ಕಪ್ಪು ಪ್ರೋಬನ್ನು ಚಾಸಿಗೆ ಕ್ಲಿಪ್ ಹಾಕಿಬಿಡಿ, ಒಂದು ಕೈ ಜೇಬಿನಲ್ಲಿರಲಿ. ಒಳಗೆ 300 ವೋಲ್ಟ್‌ಗಿಂತ ಜಾಸ್ತಿ ಡಿಸಿ ಇದೆ, ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಇರುತ್ತದೆ. ಸ್ಪೀಕರ್ ಯಾವಾಗಲೂ ಜೋಡಿಸಿಯೇ ಇರಲಿ.

ಆರನೇ_ತಂತಿ:
ಸರ್, ಅದಲು ಬದಲು ಮಾಡಿದೆ. ಕೆಂಪು ಅದೇ ಸಾಕೆಟ್‌ನಲ್ಲೇ ಉಳಿಯಿತು. ಹೀಟರ್ 6.6 ವೋಲ್ಟ್. ಕ್ಯಾಥೋಡ್ ಶುರುವಿನಲ್ಲಿ 10, ಬಿಸಿಯಾದ ಮೇಲೆ 11.8. ಟ್ರಾನ್ಸ್‌ಫಾರ್ಮರ್ ಒಂದು ಕಡೆ 155 ಓಮ್, ಇನ್ನೊಂದು ಕಡೆ 172. ಎರಡೂ ಒಂದೇ ಇಲ್ಲವಲ್ಲ, ರಿಪೇರಿಯವರು ಹೇಳಿದ್ದು ನಿಜ ಅನಿಸುತ್ತಿದೆ.

ಜಾಲಹಳ್ಳಿ_ವಾಲ್ವ್:
ಇಲ್ಲ, ಟ್ರಾನ್ಸ್‌ಫಾರ್ಮರ್ ಸರಿಯಾಗಿಯೇ ಇದೆ. ಒಳಸುತ್ತಿಗಿಂತ ಹೊರಸುತ್ತಿಗೆ ಹೆಚ್ಚು ತಂತಿ ಹಿಡಿಯುತ್ತದೆ, ಹಾಗಾಗಿ ಇಷ್ಟು ವ್ಯತ್ಯಾಸ ಮಾಮೂಲು. ನಿಜವಾಗಿ ಹೋಗಿದ್ದರೆ ಸಾಮಾನ್ಯವಾಗಿ ಒಂದು ಕಡೆ ಓಪನ್ ತೋರಿಸಬೇಕಿತ್ತು, ಇಲ್ಲ ಓಮ್ ತುಂಬಾ ಕಮ್ಮಿ ಬರಬೇಕಿತ್ತು. ಹೀಟರ್ 6.3ಕ್ಕೆ ಶೇಕಡಾ 10 ಆಚೀಚೆ ಇರಬಹುದು, ಹಾಗಾಗಿ ಮನೆಯ 245 ವೋಲ್ಟ್ ಕರೆಂಟಿನ ಮೇಲಿನ ಅನುಮಾನವನ್ನೂ ಬಿಡಿ. ಕ್ಯಾಥೋಡ್ ಬೈಪಾಸ್ ಕೆಪಾಸಿಟರ್ ಶಾರ್ಟ್ ಆಗಿದ್ದರೆ ಕ್ಯಾಥೋಡ್ ಸೊನ್ನೆಗೆ ಬಂದು ಎರಡೂ ಟ್ಯೂಬ್ ಕೆಂಪಾಗುತ್ತಿದ್ದವು. ನಿಮ್ಮದರಲ್ಲಿ ವೋಲ್ಟೇಜ್ ಏರಿದೆ, ಕೆಂಪಾಗುವುದು ಒಂದೇ.

ನಿಮಗೆ ಒಂದು ಒಳ್ಳೆಯ ಉಪಾಯವಿದೆ. ಆಂಪ್ ಬಿಸಿಯಾದಾಗ ಪ್ರೈಮರಿಯ ಮಧ್ಯದ ಬಿ ಪ್ಲಸ್‌ನಿಂದ (ಟ್ಯೂಬಿಗೆ ಸಿಗುವ ಹೈವೋಲ್ಟೇಜ್ ಡಿಸಿ) ಒಂದೊಂದು ಪ್ಲೇಟಿಗೆ (ಪಿನ್ 7) ಎಷ್ಟು ವೋಲ್ಟ್ ಇಳಿದಿದೆ ನೋಡಿ. ಈ ಅಳತೆಯಲ್ಲಿ ಎರಡೂ ಪ್ರೋಬ್ ಹೈವೋಲ್ಟೇಜ್ ಮೇಲಿರುತ್ತವೆ. ಆದ್ದರಿಂದ ಆಫ್ ಮಾಡಿ ಎರಡನ್ನೂ ಕ್ಲಿಪ್ ಹಾಕಿ, ಆಮೇಲೆ ಆನ್ ಮಾಡಿ ದೂರದಿಂದ ಓದಿ. ಆ ವೋಲ್ಟನ್ನು ಅದೇ ಕಡೆಯ ಓಮ್‌ನಿಂದ ಭಾಗಿಸಿದರೆ ಆ ಟ್ಯೂಬಿನ ಪ್ಲೇಟ್ ಕರೆಂಟ್ ಸಿಗುತ್ತದೆ. ಕ್ಯಾಥೋಡ್ ರೆಸಿಸ್ಟರ್ ಇಬ್ಬರ ಕರೆಂಟನ್ನೂ ಕೂಡಿಸಿ ಹೇಳುವುದರಿಂದ ಯಾರು ಎಷ್ಟು ಕುಡಿಯುತ್ತಿದ್ದಾರೆ ಅಂತ ಅದರಿಂದ ಗೊತ್ತಾಗಲ್ಲ.

ಆರನೇ_ತಂತಿ:
155 ಓಮ್ ಕಡೆ, ಅಂದರೆ ಕೆಂಪಾಗುವ ಕಡೆ, 9 ವೋಲ್ಟ್. 58 ಮಿಲಿಆಂಪ್ ಆಯಿತು. ಇನ್ನೊಂದು ಕಡೆ 3.6 ವೋಲ್ಟ್, 21 ಮಿಲಿಆಂಪ್. ಬಿ ಪ್ಲಸ್ 304.

ಜಾಲಹಳ್ಳಿ_ವಾಲ್ವ್:
ಈಗ ಲೆಕ್ಕ ಹಾಕೋಣ. ಕೆಂಪು ಕಡೆ ಪ್ಲೇಟಿಗೂ ಕ್ಯಾಥೋಡಿಗೂ ನಡುವೆ ಸುಮಾರು 283 ವೋಲ್ಟ್. 58 ಮಿಲಿಆಂಪ್‌ನಿಂದ ಗುಣಿಸಿದರೆ 16 ವ್ಯಾಟ್ ಮೀರುತ್ತದೆ. ಇಎಲ್84ರ ಪ್ಲೇಟ್ ತಡೆಯುವುದು 12 ವ್ಯಾಟ್. ಕೆಂಪಾಗದೆ ಇನ್ನೇನಾಗುತ್ತೆ?

ನಿಮ್ಮ ಸೌಂಡ್ ಯಾಕೆ ಒಡೆಯುತ್ತಿದೆ ಅನ್ನುವುದೂ ಇದರಲ್ಲೇ ಇದೆ. ಒಂದು ಟ್ಯೂಬ್ ಜಾಸ್ತಿ ಎಳೆದಾಗ ಇಬ್ಬರಿಗೂ ಸೇರಿದ ಕ್ಯಾಥೋಡ್ ವೋಲ್ಟೇಜ್ ಏರುತ್ತದೆ. ಅದರಿಂದ ಒಳ್ಳೆಯ ಟ್ಯೂಬಿನ ಬಯಾಸ್ ಹೆಚ್ಚಾಗಿ ಅದು ಅರ್ಧ ನಿದ್ದೆಗೆ ಜಾರುತ್ತದೆ. ಪುಶ್‌ಪುಲ್‌ನ ಎರಡು ಕೈಯಲ್ಲಿ ಒಂದು ಕೈ ಸೋತಂತೆ. ಎರಡೂ ಕಡೆ ಸಮ ಇದ್ದಾಗ ಟ್ರಾನ್ಸ್‌ಫಾರ್ಮರಿನಲ್ಲಿ ರದ್ದಾಗುವ ಹಮ್ ಕೂಡ ಈಗ ಉಳಿದುಬಿಡುತ್ತದೆ.

ನನ್ನ ಅನುಮಾನ ಫೇಸ್ ಇನ್ವರ್ಟರ್‌ನಿಂದ (ಎರಡು ಔಟ್‌ಪುಟ್ ಟ್ಯೂಬಿಗೂ ಎದುರುಬದುರಾದ ಸಿಗ್ನಲ್ ಕೊಡುವ ಹಂತ) ಆ ಸಾಕೆಟ್‌ನ ಗ್ರಿಡ್‌ಗೆ (ಸಿಗ್ನಲ್ ಒಳಬರುವ ಪಿನ್ 2) ಬರುವ ಕಪ್ಲಿಂಗ್ ಕೆಪಾಸಿಟರ್ ಮೇಲೆ. ಅದು ಡಿಸಿ ತಡೆದು ಸಿಗ್ನಲ್ ಮಾತ್ರ ಬಿಡಬೇಕು. ಖಚಿತ ಮಾಡಿಕೊಳ್ಳಲು ಎರಡೂ ಇಎಲ್84 ತೆಗೆದು, 12ಎಎಕ್ಸ್7ಗಳನ್ನು ಹಾಗೇ ಬಿಟ್ಟು ಆನ್ ಮಾಡಿ. ಒಂದನ್ನೇ ತೆಗೆಯಬೇಡಿ. ಉಳಿದದ್ದಕ್ಕೆ ಬಯಾಸ್ ಸಾಲದೆ ಅದೂ ಕೆಂಪಾಗುತ್ತದೆ. ಭಾರ ಇಲ್ಲದ್ದರಿಂದ ಬಿ ಪ್ಲಸ್ ಚೆನ್ನಾಗಿ ಏರುತ್ತದೆ, ಫಿಲ್ಟರ್ ಕೆಪಾಸಿಟರ್ ಮೇಲೆ ಬರೆದ ವೋಲ್ಟೇಜ್ ಮೀರದಂತೆ ನೋಡಿಕೊಳ್ಳಿ. ಈಗ ಖಾಲಿ ಸಾಕೆಟ್‌ನ ಪಿನ್ 2ರಲ್ಲಿ ಡಿಸಿ ಅಳೆಯಿರಿ. ಸೊನ್ನೆ ಇರಬೇಕು. ಟ್ಯೂಬೇ ಇಲ್ಲದಾಗಲೂ ಅಲ್ಲಿ ಪಾಸಿಟಿವ್ ವೋಲ್ಟೇಜ್ ಕಂಡರೆ ಅದು ಕೆಪಾಸಿಟರ್‌ನಿಂದ ಬಂದದ್ದೇ.

ಸುಮ್ನೆ_ಬೆಂಡಿಂಗ್:
ಕೆಪಾಸಿಟರನ್ನ ಬಿಚ್ಚಿ ಮೀಟರ್‌ನಲ್ಲಿ ನೋಡಿದರೆ ಸಾಕಲ್ವಾ?

ಜಾಲಹಳ್ಳಿ_ವಾಲ್ವ್:
ಸಾಕಾಗಲ್ಲ. ಮೀಟರ್ ಒಳಗಿರುವುದು ಸಣ್ಣ ಬ್ಯಾಟರಿ. 0.022 ಮೈಕ್ರೋಫ್ಯಾರಡ್ ಅಂತ ಸರಿಯಾಗಿಯೇ ತೋರಿಸುತ್ತದೆ. 200 ವೋಲ್ಟ್ ಬಿದ್ದಾಗ, ಅದೂ ಬಿಸಿಯಾದ ಮೇಲೆ, ಸೋರಲು ಶುರು ಮಾಡುತ್ತದೆ. ಅದಕ್ಕೇ ಚಾಲೂ ಸರ್ಕ್ಯೂಟಿನಲ್ಲೇ ಹಿಡಿಯಬೇಕು.

ಆರನೇ_ತಂತಿ:
ಸಿಕ್ಕಿತು ಸರ್! ಒಳ್ಳೆಯ ಸಾಕೆಟ್‌ನಲ್ಲಿ ಸೊನ್ನೆ. ಕೆಟ್ಟ ಸಾಕೆಟ್‌ನಲ್ಲಿ ಮೊದಲು 1 ವೋಲ್ಟ್ ಇತ್ತು, ಬಿಸಿಯಾಗುತ್ತಾ 4.4ಕ್ಕೆ ಬಂತು. ಗ್ರಿಡ್ ರೆಸಿಸ್ಟರ್ 220ಕೆ, ಫೇಸ್ ಇನ್ವರ್ಟರ್ ಪ್ಲೇಟ್‌ನಲ್ಲಿ 210 ವೋಲ್ಟ್.

ಜಾಲಹಳ್ಳಿ_ವಾಲ್ವ್:
ಅಂದರೆ 20 ಮೈಕ್ರೋಆಂಪ್ ಸೋರಿಕೆ. ಕೆಪಾಸಿಟರ್ ಹತ್ತು ಮೆಗಾಓಮ್ ರೆಸಿಸ್ಟರ್ ಆಗಿಬಿಟ್ಟಿದೆ. ಕೇಳಲು ದೊಡ್ಡ ಸಂಖ್ಯೆ, ಆದರೆ ಗ್ರಿಡ್‌ಗೆ 4 ವೋಲ್ಟ್ ಅಂದರೆ ಬಹಳ ಆಯಿತು, ಬಯಾಸ್ ಅಷ್ಟು ಕಮ್ಮಿಯಾಗಿ ಆ ಟ್ಯೂಬ್ ಜಾಸ್ತಿ ಎಳೆಯುತ್ತದೆ.

ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ 0.022, 630 ವೋಲ್ಟ್ ಪಾಲಿಪ್ರೊಪಿಲೀನ್ ಕೆಪಾಸಿಟರ್ ಅಂತ ಕೇಳಿ. ಮೇಲೆ 223ಜೆ ಅಂತ ಬರೆದಿರುತ್ತದೆ. 100 ವೋಲ್ಟ್‌ನದು ಕೊಟ್ಟು ಇದೂ ನಡೆಯುತ್ತೆ ಅಂದರೆ ತಗೊಳ್ಳಬೇಡಿ. ಎರಡನ್ನೂ ಬದಲಿಸಿ, ಒಂದೇ ವಯಸ್ಸಿನವು. ಮೊದಲ ಸಲ ಆನ್ ಮಾಡುವಾಗ ಸೀರೀಸ್ ಬೋರ್ಡ್‌ನಲ್ಲಿ (ಆಂಪಿಗೆ ಹೋಗುವ ಕರೆಂಟ್ ಬಲ್ಬ್ ಮೂಲಕವೇ ಹೋಗುವಂತೆ ಮಾಡುವ ಬೋರ್ಡ್) 100 ವ್ಯಾಟ್ ತಂತಿ ಬಲ್ಬ್ ಹಾಕಿ. ಎಲ್‌ಇಡಿ ಬಲ್ಬ್ ಇದಕ್ಕೆ ಬರಲ್ಲ.

ಆರನೇ_ತಂತಿ:
ಬದಲಿಸಿದೆ. ಒಂದು ಗಂಟೆ ನುಡಿಸಿದರೂ ಕೆಂಪಿಲ್ಲ. ಕ್ಯಾಥೋಡ್ 10.1. ಒಂದು ಟ್ಯೂಬ್ 34 ಮಿಲಿಆಂಪ್, ಇನ್ನೊಂದು 33.7. ಬಿ ಪ್ಲಸ್ 317. ಕೆಂಪಾಗಿದ್ದ ಟ್ಯೂಬ್‌ಗಳನ್ನೇ ಮುಂದುವರಿಸಬಹುದಾ?

ಜಾಲಹಳ್ಳಿ_ವಾಲ್ವ್:
ತಲಾ 10 ವ್ಯಾಟ್ ಆಸುಪಾಸು, ಚೆನ್ನಾಗಿದೆ. ಮುಂದುವರಿಸಿ. ಆದರೆ ಅತಿಯಾಗಿ ಕಾದ ಟ್ಯೂಬ್ ಒಳಗೆ ಗ್ಯಾಸ್ ಬಿಟ್ಟಿರಬಹುದು, ಗ್ರಿಡ್ ಕೂಡ ಎಲೆಕ್ಟ್ರಾನ್ ಸೂಸಲು ಕಲಿತಿರಬಹುದು. ಟ್ಯೂಬ್ ಹಾಕಿಯೇ ಬಿಸಿಯಲ್ಲಿ ಪಿನ್ 2 ಅಳೆದು ನೋಡಿ. ಸೊನ್ನೆಯ ಹತ್ತಿರವೇ ನಿಂತರೆ ಚಿಂತೆಯಿಲ್ಲ. ಈಗ ಪಾಸಿಟಿವ್ ಕಡೆ ಏರಿದರೆ ಮಾತ್ರ ಹೊಸ ಜೋಡಿ ತಗೊಳ್ಳಿ.

12ಎಎಕ್ಸ್7 ಸ್ಪೇರ್ ಬೇಕಿದ್ದರೆ ಹಳೆ ರೇಡಿಯೋ ರಿಪೇರಿಯವರನ್ನು ಕೇಳಿ. ನಮ್ಮ ಜಾಲಹಳ್ಳಿಯ ಬಿಇಎಲ್ (ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ) ಒಂದು ಕಾಲಕ್ಕೆ ಇಸಿಸಿ83 ಮಾಡುತ್ತಿತ್ತು. ಅದೇ ಪಿನ್, ಅದೇ ಟ್ಯೂಬ್. ನನ್ನ ಆಂಪಿನ ಮೊದಲ ಹಂತದಲ್ಲಿ ಇವತ್ತಿಗೂ ಅದೇ ಇದೆ.

ಆರನೇ_ತಂತಿ:
ಪಿನ್ 2 ಎರಡರಲ್ಲೂ 0.02. ಟ್ಯೂಬ್ ಉಳಿಯಿತು. ತುಂಬಾ ಥ್ಯಾಂಕ್ಸ್ ಸರ್.