ಕಾರ್ಬೊರೇಟರ್ ಒಳಗಿನ ‘ಬುರುಡೆ’: ಈ ಬಳಕೆ ನಿಮ್ಮ ಕಡೆ ಇದೆಯಾ?

ಎಲ್ಲರಿಗೂ ನಮಸ್ಕಾರ. ‘ಬುರುಡೆ’ ಅನ್ನುವ ಪದದ ಬಗ್ಗೆ ಕೇಳಬೇಕಿತ್ತು. ಪದ ಹೊಸದಲ್ಲ, ಎಲ್ಲರಿಗೂ ಗೊತ್ತಿರುವುದೇ. ಆದರೆ ಹೋದ ತಿಂಗಳು ಅದನ್ನು ನಾನು ಎಂದೂ ಕೇಳದ ಅರ್ಥದಲ್ಲಿ ಕೇಳಿದೆ, ಅದೂ ಬೈಕ್ ರಿಪೇರಿ ಮಾಡಿಸುವಾಗ. ಹಾಗಾಗಿ ಸ್ವಲ್ಪ ಬೈಕಿನ ವಿಷಯವನ್ನೂ ಹೇಳಬೇಕಾಗುತ್ತದೆ.

ನಮ್ಮ ಮನೆಯಲ್ಲಿ ಚಿಕ್ಕಪ್ಪನ ಹಳೇ ಜಾವಾ ಇದೆ. ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆಯ 250 ಸಿಸಿ ಗಾಡಿ. ಅಲ್ಲಿ 1961ರಿಂದ ಜಾವಾ, 1973ರಿಂದ ಯೆಜ್ಡಿ ಹೆಸರಿನಲ್ಲಿ ಗಾಡಿಗಳು ತಯಾರಾಗುತ್ತಿದ್ದವು. 1996ರಲ್ಲಿ ಕಾರ್ಖಾನೆಯೇ ಮುಚ್ಚಿತು. ಮೈಸೂರಿನ ಕಡೆ ಎಷ್ಟೋ ಮನೆಗಳಲ್ಲಿ ಈಗಲೂ ಈ ಗಾಡಿ ಮನೆಯವರಲ್ಲಿ ಒಬ್ಬರ ಹಾಗೆ ಇರುತ್ತದೆ, ಮಾರುವ ಮಾತೇ ಇಲ್ಲ. ನಮ್ಮದು ಐದಾರು ವರ್ಷ ಶೆಡ್ಡಿನಲ್ಲಿ ನಿಂತಿತ್ತು. ಪೆಟ್ರೋಲ್ ಹಾಕಿ ಕಾಕ್ ತಿರುಗಿಸಿದ ತಕ್ಷಣ, ಪೆಟ್ರೋಲನ್ನು ಗಾಳಿಯ ಜೊತೆ ಬೆರೆಸಿ ಎಂಜಿನ್‌ಗೆ ಕಳಿಸುವ ಕಾರ್ಬೊರೇಟರಿನಿಂದ ತೊಟ್ಟಿಕ್ಕಲು ಶುರುವಾಯಿತು, ನಿಲ್ಲಲೇ ಇಲ್ಲ.

ಜಾವಾ ಕೆಲಸ ಬಲ್ಲ ವಯಸ್ಸಾದ ಮೇಸ್ತ್ರಿಯೊಬ್ಬರ ಹತ್ತಿರ ತಳ್ಳಿಕೊಂಡು ಹೋದೆ. ಅದರಲ್ಲಿದ್ದದ್ದು ಹಳೇ ಜಿಕೋವ್ ಕಾರ್ಬೊರೇಟರ್. ಅವರು ಮುಚ್ಚಳ ಬಿಚ್ಚಿ ಒಳಗಿಂದ ಹಿತ್ತಾಳೆಯ ಸಣ್ಣ ಡಬ್ಬಿಯಂಥದ್ದನ್ನು ತೆಗೆದರು. ಎರಡು ತಗಡಿನ ಬಟ್ಟಲನ್ನು ಬಾಯಿಗೆ ಬಾಯಿ ಕೂಡಿಸಿ ಬೆಸೆದ ಹಾಗಿರುತ್ತದೆ. ಒಳಗೆ ಬರೀ ಗಾಳಿ ಇರಬೇಕು. ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು, ಆಮೇಲೆ ನನ್ನ ಕಿವಿಗೂ ಹಿಡಿದರು. ಎಳನೀರು ಕಾಯಿ ಅಲ್ಲಾಡಿಸಿದ ಹಾಗೆ ಒಳಗೆ ಗುಳು ಗುಳು ಅಂತು.

‘ಕೇಳಿಸ್ತಾ? ಬುರುಡೆ ಪೆಟ್ರೋಲ್ ಕುಡಿದಿದೆ ಕಣಪ್ಪ. ಮುಳುಗಿದ ಬುರುಡೆ ಮೇಲೆ ಏಳಲ್ಲ, ಸೋರದೆ ಇನ್ನೇನು ಮಾಡುತ್ತೆ?’

ಎಲ್ಲರೂ ಫ್ಲೋಟ್ ಅನ್ನುವ ವಸ್ತು ಅದು. ಪೆಟ್ರೋಲ್ ತುಂಬಿದ ಹಾಗೆ ಅದು ತೇಲಿ ಮೇಲೆದ್ದು ಸೂಜಿಯಿಂದ ದಾರಿ ಮುಚ್ಚಬೇಕು, ಪೆಟ್ರೋಲ್ ಖರ್ಚಾದಾಗ ಇಳಿದು ದಾರಿ ಬಿಡಬೇಕು. ತೂತಾದರೆ ಒಳಗೆ ಪೆಟ್ರೋಲ್ ಸೇರಿ ಭಾರವಾಗುತ್ತದೆ, ತೇಲುವುದಿಲ್ಲ, ದಾರಿ ತೆರೆದೇ ಇರುತ್ತದೆ. ಮೇಸ್ತ್ರಿ ಅದನ್ನು ಬಿಸಿನೀರಿನಲ್ಲಿ ಅದ್ದಿ ಹಿಡಿದರು. ಬೆಸುಗೆಯ ಅಂಚಿನಲ್ಲಿ ಒಂದೇ ಕಡೆಯಿಂದ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಸಾಲಾಗಿ ಎದ್ದವು. ತೂತು ಸಿಕ್ಕಿತು. ಒಳಗಿನ ಪೆಟ್ರೋಲೂ ಅದೇ ಬಿಸಿಗೆ ಆವಿಯಾಗಿ ಹೊರಬಂತು. ಪೂರ್ತಿ ಖಾಲಿ ಆಗುವವರೆಗೂ ಅವರು ಬೆಸುಗೆಗೆ ಕೈ ಹಾಕಲಿಲ್ಲ, ಪೆಟ್ರೋಲ್ ಆವಿ ಉಳಿದಿರುವಾಗ ಕಾಯಿಸಿದರೆ ಸಿಡಿಯುತ್ತದೆ ಅಂತ ಒಂದು ದಿನ ಹಾಗೇ ಬಿಟ್ಟರು. ಮಾರನೇ ದಿನ ಒಂದು ಹನಿ ಬೆಸುಗೆ ಇಟ್ಟು, ಜಾಸ್ತಿ ಕೂತದ್ದನ್ನು ಅರದಿಂದ ಉಜ್ಜಿ ತೆಗೆದರು. ಬುರುಡೆ ಭಾರವಾದರೆ ತಡವಾಗಿ ಏಳುತ್ತೆ, ಆಗ ಪೆಟ್ರೋಲ್ ಮಟ್ಟ ಏರಿಬಿಡುತ್ತೆ ಅಂದರು.

ಈಗ ಪದಕ್ಕೆ ಬರೋಣ. ಬುರುಡೆ ಅಂದರೆ ನನಗೆ ಮೊದಲು ನೆನಪಾಗುವುದು ತಲೆಬುರುಡೆ. ಆಮೇಲೆ ಸೋರೆಬುರುಡೆ, ಹೆಂಡದ ಬುರುಡೆ. ಲೈಟಿನ ಬಲ್ಬನ್ನೂ ನಮ್ಮಜ್ಜಿ ಬುರುಡೆ ಅಂತಲೇ ಕರೆಯುತ್ತಿದ್ದರು. ಎಲ್ಲದರಲ್ಲೂ ಇರುವುದು ಒಂದೇ ಗುಣ: ಹೊರಗೆ ಗಟ್ಟಿ, ಗುಂಡಗೆ, ಒಳಗೆ ಟೊಳ್ಳು. ಹಿಂದೆ ಬಾವಿಯಲ್ಲಿ ಈಜು ಕಲಿಯುವ ಮಕ್ಕಳಿಗೆ ಒಣಗಿದ ಸೋರೆಬುರುಡೆ ಕಟ್ಟಿ ಇಳಿಸುತ್ತಿದ್ದರಲ್ಲ, ಮೇಸ್ತ್ರಿಯ ಬುರುಡೆ ನೇರವಾಗಿ ಅಲ್ಲಿಂದಲೇ ಬಂದಿರಬೇಕು ಅನ್ನುವುದು ನನ್ನ ಊಹೆ.

ತೇಲುವ ವಸ್ತುವಿಗೆ ನಮ್ಮಲ್ಲಿ ‘ಬೆಂಡು’ ಅನ್ನುವ ಪದವೂ ಇದೆ. ಮೀನಿನ ಗಾಳಕ್ಕೆ ಕಟ್ಟುವುದು ಬೆಂಡು. ಹಾಗಿದ್ದರೆ ಇದನ್ನು ಬೆಂಡು ಅಂತ ಯಾಕೆ ಕರೆಯಲಿಲ್ಲ? ಯೋಚಿಸಿದರೆ ಮೇಸ್ತ್ರಿಯದೇ ಸರಿಯಾದ ಪದ ಅನ್ನಿಸುತ್ತದೆ. ಬೆಂಡು ತಾನೇ ಹಗುರ ಆದ್ದರಿಂದ ತೇಲುತ್ತದೆ, ತೂತು ಮಾಡಿದರೂ ತೇಲುತ್ತದೆ. ಬುರುಡೆ ಒಳಗಿನ ಗಾಳಿಯಿಂದ ತೇಲುತ್ತದೆ, ತೂತು ಬಿದ್ದರೆ ಮುಗಿಯಿತು. ಹಳೇ ಕಾಲದ ಕೆಲವು ಕಾರುಗಳ ಕಾರ್ಬೊರೇಟರಿನಲ್ಲಿ ಕಾರ್ಕಿನ ಫ್ಲೋಟ್ ಇರುತ್ತಿತ್ತು, ಅದನ್ನು ಬೇಕಾದರೆ ಬೆಂಡು ಅನ್ನಬಹುದು. ಇಂಗ್ಲಿಷಿನ ಫ್ಲೋಟ್‌ಗೆ ಇವೆರಡೂ ಒಂದೇ. ಕನ್ನಡದಲ್ಲಿ ಈ ವ್ಯತ್ಯಾಸ ಪದದಲ್ಲೇ ಇದೆ. ನಾವು ಕೂತು ‘ಪ್ಲವಕ’ ಅಂತಲೋ ‘ತೇಲುಕ’ ಅಂತಲೋ ಕಟ್ಟಿದರೆ ಅದು ಬರುವುದಿಲ್ಲ. ಯಾರಾದರೂ ತಾಂತ್ರಿಕ ಪದಕೋಶ ಮಾಡುತ್ತಿದ್ದರೆ ದಯವಿಟ್ಟು ಇಂಥ ಪದಗಳನ್ನು ಬಿಡಬೇಡಿ.

ಬಳಕೆಗೆ ಇನ್ನೊಂದು ಉದಾಹರಣೆ. ಜಿಕೋವ್‌ನಲ್ಲಿ ಮೇಲೆ ಟಿಕ್ಲರ್ ಅಂತ ಒಂದು ಗುಂಡಿ ಇರುತ್ತದೆ, ಗಾಡಿ ತಣ್ಣಗಿದ್ದಾಗ ಕಿಕ್ ಹೊಡೆಯುವ ಮೊದಲು ಅದನ್ನು ಒತ್ತಬೇಕು. ಒತ್ತಿದರೆ ಅದು ಫ್ಲೋಟನ್ನು ಕೆಳಗೆ ತಳ್ಳಿ ಸ್ವಲ್ಪ ಹೆಚ್ಚು ಪೆಟ್ರೋಲ್ ಬಿಡುತ್ತದೆ. ಮೇಸ್ತ್ರಿ ಅದಕ್ಕೆ ‘ಬುರುಡೆ ಅದುಮು’ ಅನ್ನುತ್ತಾರೆ. ‘ಬೆರಳು ಒದ್ದೆ ಆಗೋವರೆಗೂ ಬುರುಡೆ ಅದುಮು, ಆಮೇಲೆ ಹೊಡಿ.’

ಈಗ ನನಗೆ ಬಗೆಹರಿಯದ ಪ್ರಶ್ನೆ. ‘ಬುರುಡೆ ಬಿಡು’ ಅಂದರೆ ಸುಳ್ಳು ಹೇಳು ಅಂತ ಹೇಗಾಯಿತು? ಟೊಳ್ಳು ಅನ್ನುವ ಅರ್ಥದಿಂದಲೇ ಬಂತು ಅನ್ನುವುದಾದರೆ ಜೊತೆಗೆ ‘ಪೊಳ್ಳು ಮಾತು’, ‘ಜೊಳ್ಳು ಮಾತು’ ಇವೆ, ಎರಡರಲ್ಲೂ ಒಳಗೆ ಕಾಳಿಲ್ಲ ಅನ್ನುವ ಭಾವ. ಆದರೆ ‘ರೈಲು ಬಿಡು’, ‘ರೀಲು ಬಿಡು’ ಕೂಡ ಅದೇ ಅರ್ಥ ಕೊಡುತ್ತವೆ, ರೈಲು ಏನೂ ಟೊಳ್ಳಲ್ಲ. ಹಾಗಾದರೆ ಸುಳ್ಳಿನ ಅರ್ಥ ‘ಬಿಡು’ವಿನಲ್ಲಿದೆಯೋ ‘ಬುರುಡೆ’ಯಲ್ಲಿದೆಯೋ? ‘ಅವನು ಹೇಳಿದ್ದೆಲ್ಲಾ ಬುರುಡೆ’ ಅಂತ ಬಿಡು ಇಲ್ಲದೆಯೂ ಹೇಳುತ್ತೇವೆ, ‘ಹೇಳಿದ್ದೆಲ್ಲಾ ರೈಲು’ ಅಂತ ಹೇಳುವುದನ್ನು ನಾನು ಕೇಳಿಲ್ಲ. ಅದಕ್ಕೇ ನಾನು ಟೊಳ್ಳಿನ ಕಡೆಗೆ ವಾಲುತ್ತೇನೆ. ಅಂದಹಾಗೆ ಸೋರೆ, ಸೋರು ಎರಡನ್ನೂ ಗಂಟು ಹಾಕುವ ಆಸೆ ಆಯಿತು, ಉಚ್ಚಾರ ಹತ್ತಿರ ಇದೆ ಅನ್ನುವುದು ಬಿಟ್ಟು ಬೇರೆ ಆಧಾರ ಇಲ್ಲದ್ದರಿಂದ ಬಿಟ್ಟೆ.

ಜೊತೆಗೆ ಇನ್ನೊಂದು ಸಣ್ಣ ಗೊಂದಲ. ಆಕ್ಸಿಲರೇಟರ್ ತಿರುಗಿಸಿದಾಗ ಕಾರ್ಬೊರೇಟರಿನೊಳಗೆ ಮೇಲೇಳುವ ಥ್ರಾಟಲ್ ಸ್ಲೈಡಿನಲ್ಲಿ ಬೇರೆ ಒಂದು ಉದ್ದನೆಯ ಸೂಜಿ ಇರುತ್ತದೆ, ಅದರ ತಲೆಯ ಹತ್ತಿರ ಕಚ್ಚುಗಳು, ಒಂದು ಕಚ್ಚಿಗೆ ಲಾಕ್ ಹಾಕಿರುತ್ತಾರೆ. ಲಾಕನ್ನು ಒಂದು ಕಚ್ಚು ಕೆಳಗೆ ಹಾಕಿದರೆ ಸೂಜಿ ಮೇಲೇರುತ್ತದೆ, ಪೆಟ್ರೋಲ್ ಜಾಸ್ತಿ ಹೋಗುತ್ತದೆ. ‘ಒಂದು ಕಚ್ಚು ಇಳಿಸು’ ಅಂತ ಮೇಸ್ತ್ರಿ ಅಂದರು. ನಾನು ಸೂಜಿ ಇಳಿಸಬೇಕು ಅಂದುಕೊಂಡು ಲಾಕನ್ನು ಮೇಲಿನ ಕಚ್ಚಿಗೆ ಹಾಕಿದೆ. ನಾಲ್ಕು ಕಿಲೋಮೀಟರ್ ಓಡಿಸಿ ಬಂದು ಪ್ಲಗ್ ಬಿಚ್ಚಿದರೆ ತುದಿ ಬೆಳ್ಳಗೆ ಸುಟ್ಟಿತ್ತು, ಕಾಫಿಪುಡಿ ಬಣ್ಣ ಇರಬೇಕಿತ್ತು. ಅಂದರೆ ಪೆಟ್ರೋಲ್ ಸಾಲದಾಗಿತ್ತು, ಅವರು ಇಳಿಸು ಅಂದದ್ದು ಲಾಕನ್ನು. ಏನನ್ನು ಇಳಿಸಬೇಕು ಅನ್ನುವುದನ್ನು ಕನ್ನಡದಲ್ಲಿ ಸುಮ್ನೆ ಬಿಟ್ಟುಬಿಡುತ್ತೇವೆ, ಅಲ್ವಾ? ಗ್ಯಾರೇಜಿನವರು ಇಲ್ಲಿ ಯಾವಾಗಲೂ ಲಾಕನ್ನೇ ಹೇಳುವುದಾ, ಇಲ್ಲ ಊರಿಂದ ಊರಿಗೆ ಬೇರೆಯಾ?

ಹುಬ್ಬಳ್ಳಿ, ಕಲಬುರಗಿ, ಮಂಗಳೂರು ಕಡೆಯವರು ನಿಮ್ಮಲ್ಲಿ ಫ್ಲೋಟ್‌ಗೆ ಮೇಸ್ತ್ರಿಗಳು ಏನಂತಾರೆ ಅಂತ ಕೇಳಿ ಬರೆಯಿರಿ. ಪೂರ್ತಿ ವಾಕ್ಯವನ್ನು ಅವರು ಹೇಳಿದ ಹಾಗೆಯೇ ಬರೆದರೆ ಇನ್ನೂ ಒಳ್ಳೆಯದು. ನೀರಿನ ತೊಟ್ಟಿಯಲ್ಲಿ ತೇಲುವ ಗುಂಡಿಗೂ ಯಾರಾದರೂ ಬುರುಡೆ ಅನ್ನುತ್ತಾರಾ ಅಂತಲೂ ನೋಡಿ.